ಕಂಬಳಿಯ ಕೆಳಗಿನ ದರ

ಚಳ್ಳಕೆರೆ ಸಂತೆಯಲ್ಲಿ ಆಗ
ದರಕ್ಕೆ ಬಾಯಿರಲಿಲ್ಲ.
ಮಡಿಸಿದ ಕಂಬಳಿಯ ಕೆಳಗೆ ಎರಡು ಕೈ ಹೋಗುತ್ತಿದ್ದವು.
ಮೇಲೆ ಎರಡು ಮುಖ ಬಸ್ಸಿನ ಕಡೆ ನೋಡುತ್ತ
ಯಾರದೋ ಮದುವೆ, ಯಾರದೋ ಎಮ್ಮೆ ಮಾತಾಡುತ್ತಿದ್ದವು.
ಒಂದು ಬೆರಳು ಹಿಡಿದರೆ ನೂರು,
ಗೆಣ್ಣಿಗೆ ನಿಲ್ಲಿಸಿದರೆ ಅದರರ್ಧ,
ಕೈ ಕೊಡವಿದರೆ, ನಡಿ, ನಿನ್ನ ದಾರಿ ನಿನಗೆ.

ದಲ್ಲಾಳಿ ಮೈಲಾರಪ್ಪನ ಕೈ ಆ ವಿದ್ಯೆಯಲ್ಲಿ ಪಳಗಿದ್ದು.
ತೋರುಬೆರಳ ಉಗುರು ಯಾವಾಗಲೂ ಕಪ್ಪು.
ನಾವು ಹೆಂಗಸರು ಉಣ್ಣೆ ಹಿಂಜುವವರು, ನೂಲುವವರು,
ಹುಣಸೆಬೀಜದ ಸರಿ ಕಾಸಿ ಮೊಣಕೈವರೆಗೆ ಅಂಟಾದವರು;
ನಮ್ಮ ಕೈ ಮಾತ್ರ ಅಲ್ಲಿಗೆ ಹೋಗುವಂತಿರಲಿಲ್ಲ.
ಅವ್ವ ದೂರ ಕೂತು
ಅವನ ಮುಂಗೈಯ ನರ ಏಳುವುದನ್ನು ನೋಡುತ್ತಿದ್ದಳು,
ಅಷ್ಟರಲ್ಲೇ ಏನೋ ಲೆಕ್ಕ ಹಾಕುತ್ತಿದ್ದಳು.
ಅವನು ಬಂದು ‘ನೂರ ನಲವತ್ತು ಕಣವ್ವ, ಅಷ್ಟೇ ಗಿಟ್ಟಿದ್ದು’ ಅಂದರೆ
ಸೆರಗಿನ ಗಂಟು ಬಿಚ್ಚುತ್ತಿದ್ದಳು.

ಬೇರೆ ಊರಿನ ದರ ಬೇಕೆಂದರೆ
ಬಳ್ಳಾರಿ ಬಸ್ಸಿಳಿದವರ ಮುಖ ಹುಡುಕಬೇಕು.
‘ಅಲ್ಲೇನು ರೇಟು?’
ಗೊತ್ತಿದ್ದವನು ಹೇಳುತ್ತಿರಲಿಲ್ಲ,
ಹೇಳಿದವನಿಗೆ ಗೊತ್ತಿರುತ್ತಿರಲಿಲ್ಲ.
ಆಮೇಲೆ ಎಸ್‌ಟಿಡಿ ಬೂತು ಬಂತು.
ಗಾಜಿನ ಬಾಗಿಲೊಳಗೆ ಮೈಲಾರಪ್ಪ
ಬಾಯಿಗೆ ಟವೆಲು ಅಡ್ಡ ಹಿಡಿದು ಮಾತಾಡುತ್ತಿದ್ದ.
ಅದೇ ಬಟ್ಟೆ, ಜಾಗ ಬೇರೆ.

ಈಗ ಬಿಂದುಶ್ರೀ, ನನ್ನ ತಂಗಿಯ ಮಗಳು,
ಮಗ್ಗದ ಗುಂಡಿಯ ಅಂಚಿಗೆ ಕೂತು
ಫೋನಿಗೆ ‘ಕಂಬಳಿ’ ಅನ್ನುತ್ತಾಳೆ. ಬರೆಯುವುದೂ ಇಲ್ಲ.
ಅದು ಮೊದಲು ಪಾಣಿಪತ್ತಿನ ಹೂವಿನ ರಗ್ಗು ತೋರಿಸುತ್ತದೆ,
ಆಮೇಲೆ ಕರಾವಳಿಯ ಕೋಣಗಳ ಓಟ,
ಆಮೇಲೆ ಕಂಬಳಿಹುಳ.
ಇನ್ನೂ ನಾಲ್ಕು ಸಲ ಬೆರಳೆಳೆದ ಮೇಲೆ
ನಮ್ಮ ಕರಿ ಕಂಬಳಿ, ಬೇವಿನ ಮರದ ಕೆಳಗೆ,
ಚಿತ್ರದ ಮೂಲೆಯಲ್ಲಿ ನನ್ನ ಅರ್ಧ ಪಾದ.
ಕೆಳಗೆ ದರ: ಸಾವಿರದ ಎಂಟುನೂರು.
ಮೊದಲ ದಿನ ನಾಚಿಕೆಯಾಯಿತು,
ಮನೆ ಬಾಗಿಲಿಗೆ ಸಾಲದ ಲೆಕ್ಕ ಬರೆದು ಅಂಟಿಸಿದ ಹಾಗೆ.

ಸೂರತ್ತಿನಿಂದ ಒಬ್ಬಳು ಕೇಳಿದಳು: ಚುಚ್ಚುತ್ತದೆಯೇ?
ಚುಚ್ಚುತ್ತೆ ತಾಯಿ, ಎರಡು ಚಳಿಗಾಲ,
ಆಮೇಲೆ ನಿನ್ನ ಮೈಯೇ ಅದಕ್ಕೆ ಒಗ್ಗುತ್ತೆ.
ಬಿಂದುಶ್ರೀ ಅದನ್ನು ‘ಇಲ್ಲ’ ಅಂತ ಮಾಡಿ ಕಳಿಸಿದಳು.
ಪುಣೆಯವನೊಬ್ಬ ಒಂದೇ ನಕ್ಷತ್ರ ಕೊಟ್ಟ: ಕುರಿ ವಾಸನೆ.
ಓದಿ ಹೇಳಿದಾಗ ಮೈಲಾರಪ್ಪ ಟೀ ಲೋಟ ಕೆಳಗಿಟ್ಟ,
‘ಮತ್ತೇನು, ಮಲ್ಲಿಗೆ ವಾಸನೆ ಬರಬೇಕಿತ್ತಾ?’

ಮಧ್ಯ ಈಗ ಯಾರೂ ಇಲ್ಲ ದೊಡ್ಡವ್ವ, ಅನ್ನುತ್ತಾಳೆ ಹುಡುಗಿ.
ಹಂಗಾದರೆ ಕಂಬಳಿಗೆ ಇನ್ನೂರ ಹದಿನಾರು
ಹಿಡಿದುಕೊಂಡು ಉಳಿದದ್ದು ಕಳಿಸುತ್ತಾರಲ್ಲ,
ಅವರ ಉಗುರು ಯಾವ ಬಣ್ಣ?

ಮೊನ್ನೆ ಅವನು ಬಂದಿದ್ದ, ಆ ಮಾತಾಡುವ ಡಬ್ಬಿ ಹಿಡಿದುಕೊಂಡು.
ಈಗ ಕುರಿ ಔಷಧಿ ಮಾರುತ್ತಾನಲ್ಲ, ಅದಕ್ಕೆ.
ಹುಡುಗಿ ಅದನ್ನು ಫೋನಿಗೆ ಜೋಡಿಸುತ್ತಿರುವಾಗ
ಕೇಳಿಯೇಬಿಟ್ಟೆ:
ಅವ್ವ ನೂತಿದ್ದ ಕೆಂಪು ಅಂಚಿನ ಕಂಬಳಿ,
ಆವತ್ತು ಎಷ್ಟಕ್ಕೆ ಕುದುರಿಸಿದೆ?

ಬಾಯಲ್ಲಿ ಹೇಳಲಿಲ್ಲ. ಬರಲಿಲ್ಲವೋ ಏನೋ.
ಕೂತಿದ್ದ ಕಂಬಳಿಯ ತುದಿ ಎತ್ತಿ
ನನ್ನ ಕೈಮೇಲೆ ಹಾಕಿದ.
ಐವತ್ತೆರಡು ವರ್ಷಕ್ಕೆ ಮೊದಲ ಸಲ ನನ್ನ ಕೈ ಅಲ್ಲಿಗೆ ಹೋಯಿತು.
ಕತ್ತಲೆ. ಬೆಚ್ಚಗಿತ್ತು. ಸ್ವಲ್ಪ ಚುಚ್ಚುತ್ತಿತ್ತು.
ತೋರುಬೆರಳು ಹಿಡಿದ.
ನಡುಬೆರಳನ್ನೂ ಸೇರಿಸಿದ.
ಉಂಗುರ ಬೆರಳಿನ ಗೆಣ್ಣಿಗೆ ಬಂದು ನಿಂತ.

ನಾನು ಕೈ ಕೊಡವಲಿಲ್ಲ.
ಅವನೂ ಬಿಡಲಿಲ್ಲ.

ಅಷ್ಟರಲ್ಲಿ ಹುಡುಗಿ ಪರೀಕ್ಷೆಗೆಂದು ಕಳಿಸಿದ್ದು ಬಂದು
ಡಬ್ಬಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿತು:
ಒಂದು ರೂಪಾಯಿ ಸ್ವೀಕರಿಸಲಾಗಿದೆ.